ಮದುವೆ ಕಾರ್ಡಿಗೆ ಕರಿ ಅಕ್ಷರ

ನಮ್ಮ ಮನೆಮಾತು ಉರ್ದು. ಅನ್ನ ಕೊಟ್ಟದ್ದು ಕನ್ನಡದ ಅಕ್ಷರ. ಗುಂಡ್ಲುಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಮೊದಲು ಬೋರ್ಡು ಬರೆಯುತ್ತಿದ್ದೆ, ಫ್ಲೆಕ್ಸ್ ಬಂದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತೆ. ಆದರೂ ಅಕ್ಷರದ ಹುಚ್ಚು ಬಿಡಲಿಲ್ಲ. ಕೆಲವು ಇಂಗ್ಲಿಷ್ ಪೇಪರುಗಳು ತಮ್ಮ ಹೆಸರನ್ನು ದಪ್ಪ ಕಪ್ಪು ಗೆರೆಯಲ್ಲಿ, ಮೂಲೆಮೂಲೆಗೂ ಚೂಪು ಇಟ್ಟು ಬರೆದುಕೊಂಡಿರುತ್ತವಲ್ಲ, ಅಂಥದ್ದೊಂದನ್ನು ಕನ್ನಡಕ್ಕೆ ತರಬೇಕೆಂದು ಹಟ ಹಿಡಿದೆ. ನಮ್ಮ ಅಕ್ಷರವೋ ಕಡುಬಿನ ಹಾಗೆ ದುಂಡಗೆ. ಅಪ್ಪ ಉರ್ದು ಬರೆಯುತ್ತಿದ್ದ ಓರೆ ತುದಿಯ ಬಿದಿರು ಕಲಮು ಹಿಡಿದು ಒಂದೊಂದು ದುಂಡನ್ನೂ ಮುರಿದು ಕೋನ ಮಾಡಿದೆ. ತಲೆಕಟ್ಟಿಗೆ ಕುಡುಗೋಲಿನ ಅಲಗು ಬಂತು. ಒತ್ತಕ್ಷರವನ್ನು ಮೇಲಿನದಕ್ಕೆ ಗುದ್ದದಂತೆ ಕೂರಿಸುವುದರಲ್ಲೇ ವರ್ಷಗಳು ಹೋದವು. ಕೊನೆಗೆ ಫಾಂಟ್ ಮಾಡಿ ಹೆಂಡತಿಗೆ ತೋರಿಸಿದರೆ, "ಎಲ್ಲಾ ಕೋಪ ಮಾಡ್ಕೊಂಡು ನಿಂತ ಹಾಗಿದೆ" ಎಂದಳು. ನಾನು ಅದನ್ನೂ ಹೊಗಳಿಕೆ ಎಂದೇ ತಿಳಿದೆ.

ಬೇಗೂರಿನ ಯಜಮಾನರೊಬ್ಬರು ಮಗಳ ಮದುವೆ ಕಾರ್ಡು ಮಾಡಿಸಲು ಮಗಳೊಂದಿಗೇ ಬಂದರು. ಹುಡುಗಿ ಪರದೆ ನೋಡಿ, "ಅಪ್ಪಾ, ಇದೇ ಇರ್ಲಿ. ಯಾರ ಕಾರ್ಡಲ್ಲೂ ಇಂಥದ್ದಿಲ್ಲ" ಎಂದಳು. ಅವರು ಕೆಂಪಿನಲ್ಲಿ ಮಾಡಿ ಎಂದರು. ಕೆಂಪಿನಲ್ಲಿ ಈ ಅಕ್ಷರ ಏಳುವುದಿಲ್ಲ, ಕಪ್ಪೇ ಬೇಕು ಎಂದು ನಾನು ವಾದ ಹೂಡಿದೆ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಕಾರ್ಡು ಕೊಡುವಾಗ, "ನಾಲ್ಕು ಮೂಲೆಗೂ ಅರಿಸಿನ ಬಳಿದು ಅಕ್ಷರ ಕೆಡಿಸಬೇಡಿ, ಕವರಿಗೆ ಹಚ್ಚಿದರೆ ಸಾಕು" ಎಂದೂ ಹೇಳಿದೆ. ಪಾಪ, ಒಪ್ಪಿಕೊಂಡು ಹೋದರು.

ಮೊದಲ ಕಾರ್ಡು ಬೀಗರಿಗೆ, ಉಮ್ಮತ್ತೂರಿಗೆ. ಯಜಮಾನರು ಅಲ್ಲಿಗೆ ಹೋದ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನನಗೆ ಫೋನ್ ಬಂತು.

"ಸಾಬ್ರೇ, ಕಾರ್ಡ್ನ ಅರ್ದ್ಬುಟ್ರು ಕಣ್ರೀ." ಯಜಮಾನರ ದನಿ. "ಗಂಡಿನ ಅಜ್ಜಿ. ಕವರಿಂದ ತೆಗ್ದು ನೋಡಿದ್ದೇ, ಒಸ್ಲಾಚೆ ಓಗಿ ಅರ್ದಾಕ್ಬುಟ್ರು. ಈ ಸಂಬಂಧ ಬ್ಯಾಡ ಅಂತಾವ್ರೆ. ನನ್ ಮಗ್ಳಿಗಿನ್ನೂ ಏಳಿಲ್ಲ. ನೀವೇ ಬನ್ನಿ."

ನಮ್ಮ ಸೀಮೆಯಲ್ಲಿ ತಿಥಿ ಕಾರ್ಡನ್ನು ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಹೊಸ್ತಿಲಾಚೆಯೇ ಓದಿ ಹರಿದು ಹಾಕುತ್ತಾರೆ. ಕಪ್ಪು ಮಸಿ, ಅರಿಸಿನ ಕಾಣದ ಮೂಲೆ: ತಿಥಿಯದ್ದೇ ಗುರುತು. ನನಗೆ ಇದು ಗೊತ್ತಿಲ್ಲದ್ದಲ್ಲ. ಎಷ್ಟು ತಿಥಿ ಕಾರ್ಡು ಮಾಡಿಕೊಟ್ಟಿಲ್ಲ ನಾನು! ಗೊತ್ತಿದ್ದೂ ಅಕ್ಷರದ ಅಂದಕ್ಕೆ ಕುರುಡಾಗಿದ್ದೆ.

ಬೈಕ್ ಹತ್ತಿದೆ. ತೆರಕಣಾಂಬಿ ದಾಟುವವರೆಗೂ ಆ ಅಜ್ಜಿಯ ಮೇಲೆ ಸಿಟ್ಟು. ಚಾಮರಾಜನಗರ ಮುಟ್ಟುವಾಗ ಬರೀ ಭಯ. ಹುಡುಗಿಯ ಮದುವೆ ನನ್ನ ಕೈಯಿಂದ ಮುರಿದರೆ? ಸಾಬರ ಹತ್ತಿರ ಮಾಡಿಸಿದ್ದಕ್ಕೇ ಹೀಗಾಯಿತು ಎಂದು ಯಾರಾದರೂ ಒಂದು ಮಾತು ಎಸೆದರೆ? ಎರಡು ಸಲ ಗಾಡಿ ನಿಲ್ಲಿಸಿ ನೀರು ಕುಡಿದೆ.

ಜಗಲಿಯ ಮೇಲೆ ಎರಡೂ ಕಡೆಯವರು ಮುಖ ತಿರುಗಿಸಿ ಕುಳಿತಿದ್ದರು. ಕೊಟ್ಟ ಕಾಫಿ ಕೆನೆಗಟ್ಟಿತ್ತು. ಅಂಗಳದಲ್ಲಿ ನನ್ನ ಅಕ್ಷರ ಚೂರುಚೂರಾಗಿ ಬಿದ್ದಿತ್ತು. ಹಣೆತುಂಬ ವಿಭೂತಿ ಹಚ್ಚಿದ ಅಜ್ಜಿ ಕಂಬಕ್ಕೆ ಒರಗಿದ್ದರು.

"ತಪ್ಪು ನಂದು ಅವ್ವಾ," ಎಂದೆ. "ಇವರು ಕೆಂಪೇ ಕೇಳಿದ್ರು. ಕಪ್ಪು ಅಂದವನೂ ನಾನೇ, ಅರಿಸಿನ ಬೇಡ ಅಂದವನೂ ನಾನೇ."

"ಬಣ್ಣ ಅತ್ಲಾಗಿರ್ಲಿ ಬುಡು," ಎಂದರು ಅಜ್ಜಿ. "ನಂಗೆ ಓದಾಕೆ ಬರಕಿಲ್ಲ. ಆದ್ರೆ ಈ ಅಕ್ಸರ ನೋಡಿವ್ನಿ. ನಮ್ಮನೆಯವ್ರು ತೀರ್ಕೊಂಡಾಗ ಅವರ ತಿಥಿ ಕಾರ್ಡ್ ಮ್ಯಾಲೆ ಇದೇ ಇತ್ತು. ಇಂಗೇ, ಕತ್ತಿ ಕತ್ತಿಯಾಗಿ."

ಆಗ ನೆನಪಾಯಿತು. ಫಾಂಟ್ ಅರ್ಧವಾಗಿದ್ದಾಗ, ಅಚ್ಚಿನಲ್ಲಿ ಹೇಗೆ ಕಾಣುತ್ತದೆಂದು ನೋಡಲು ಒಂದು ತಿಥಿ ಕಾರ್ಡಿನ ಹೆಸರಿಗೆ ಅದನ್ನು ಹಾಕಿದ್ದೆ. ಮಾಡಿಸಿದವರು ಸತ್ತವರ ಅಳಿಯ, ಗುಂಡ್ಲುಪೇಟೆಯವರು. ಸತ್ತವರು ಉಮ್ಮತ್ತೂರಿನವರೆಂಬುದೂ ಮರೆತಿತ್ತು. ಸಾವಿನ ಮನೆಯವರು ಅಕ್ಷರದ ತಂಟೆಗೆ ಬರುವುದಿಲ್ಲ ಎಂಬ ಧೈರ್ಯ ನನಗೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸುಳ್ಳು ಹೇಳಲು ನಾಲಿಗೆ ತಿರುಗಲಿಲ್ಲ. "ಅದನ್ನೂ ನಾನೇ ಮಾಡಿದ್ದು ಅವ್ವಾ. ಅಕ್ಷರ ಹೇಗೆ ಬರುತ್ತೆ ಅಂತ ನೋಡೋಕೆ ಹಾಕಿದ್ದೆ."

ಯಜಮಾನರು ಕಣ್ಣು ಮುಚ್ಚಿಕೊಂಡರು. ಅಜ್ಜಿ ಕಂಬ ಬಿಟ್ಟು ಮುಂದೆ ಬಂದು, "ಅಂಗಾರೆ ನನ್ನೆದ್ರುಗೇ ಬರಿ. ಕೆಂಪ್ಗೆ, ದುಂಡುಗೆ" ಎಂದರು.

ಅವರ ಸೊಸೆ, ಗಂಡಿನ ತಾಯಿ, ಬಟ್ಟಲಲ್ಲಿ ಕುಂಕುಮ ಕಲಸಿ ತಂದರು. ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಬಿಳಿ ಹಾಳೆಯ ಮೇಲೆ ಹುಡುಗಿಯ ಹೆಸರು, ಹುಡುಗನ ಹೆಸರು ಬರೆದೆ. ಒಂದು ಸುರುಳಿ ಓರೆಯಾಯಿತು. ಅಜ್ಜಿ ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿ ಸೊಸೆಯ ಕೈಗಿತ್ತರು. ಅವರು ನಾಲ್ಕು ಮೂಲೆಗೂ ಅರಿಸಿನ ಹಚ್ಚಿ ದೇವರ ಮನೆಗೆ ಒಯ್ದರು. ಯಜಮಾನರು ಟವೆಲಿನಲ್ಲಿ ಮುಖ ಮುಚ್ಚಿ ಅತ್ತೇಬಿಟ್ಟರು. ಎಲ್ಲ ಕಾರ್ಡನ್ನೂ ಕೆಂಪಿನಲ್ಲಿ ಹೊಸದಾಗಿ ಮಾಡಿಕೊಡುತ್ತೇನೆಂದು ಹೇಳಿ ಎದ್ದೆ.

ಅಂಗಳ ಇಳಿಯುವಾಗ ಅಜ್ಜಿ ಕರೆದರು.

"ಆ ಅಕ್ಸರವ ಏನ್ ಮಾಡೀಯಪ್ಪ?"

"ಅಳಿಸಿ ಹಾಕ್ತೀನಿ ಅವ್ವಾ, ಹೋದ ತಕ್ಷಣ."

"ಬ್ಯಾಡ ಕಣಪ್ಪ. ನನ್ ತಿಥಿ ಒಂದ್ ಆಗೋಗಂಟ ಮಡಿಕೊಂಡಿರು. ಅವರ ಎಸ್ರಿಗೆ ಆಕಿದ್ದೇ ನನ್ ಎಸ್ರಿಗೂ ಆಕು." ಆಮೇಲೆ, "ನನ್ ಎಸ್ರು ಗೊತ್ತಾ ನಿಂಗೆ?" ಎಂದು ಕೇಳಿ, ತಾವೇ ಹೇಳಿದರು.

ಜೇಬಿನ ಪೆನ್ನು ತೆಗೆದು ಅಂಗೈ ಮೇಲೆ ಆ ಹೆಸರು ಬರೆದುಕೊಂಡೆ.