ಗೋಡೆಯಾಚೆಯ ಮಾನಿಟರ್

ಅಕ್ಕೋರು ಗೋಡೆಗೆ ಒಂದು ಸಲ ಬಡಿದರೆ ನಾನು ತಪ್ಪು ನುಡಿಸಿದ್ದೇನೆ ಎಂದರ್ಥ. ಎರಡು ಸಲ ಬಡಿದರೆ ಸದ್ದು ಅತಿಯಾಯಿತು, ಇಳಿಸು ಎಂದರ್ಥ. ಮೂರು ಸಲ ಬಡಿದರೆ ಚಹಾ ಆಗಿದೆ, ಬಾ. ಬಡಿಯುವುದಕ್ಕೆ ಅವರು ಬಳಸುತ್ತಿದ್ದದ್ದು ಲಟ್ಟಣಿಗೆ. ಜೋಳದ ರೊಟ್ಟಿಯನ್ನು ಕೈಯಲ್ಲೇ ಬಡಿಯುವ ಮನೆಯಲ್ಲಿ ಲಟ್ಟಣಿಗೆಗೇನು ಕೆಲಸ ಎಂದು ಒಮ್ಮೆ ಕೇಳಿದ್ದೆ. "ರೊಟ್ಟಿಗೆ ಕೈ, ಗ್ವಾಡಿಗೆ ಲಟ್ಟಣಿಗಿ" ಎಂದಿದ್ದರು.

ಲಂಡನ್ನಿನ ಅಂಚಿನ ಹೇಸ್‌ನ ಸಾಲುಮನೆಗಳಲ್ಲಿ ನಮ್ಮದೂ ಅವರದೂ ಒಂದೇ ಗೋಡೆಗೆ ಅಂಟಿಕೊಂಡಿದ್ದವು. ನಮ್ಮ ಮನೆಯ ಹಿಂಬದಿಯಲ್ಲಿ ಒಂದು ಪುಟ್ಟ ಕೋಣೆ. ಎಸ್ಟೇಟ್ ಏಜೆಂಟ್ ಅದನ್ನು ಸ್ಟಡಿ ಎಂದು ಕರೆದಿದ್ದ, ಮಂಚ ಹಾಕಿದರೆ ಬಾಗಿಲು ಮುಚ್ಚುತ್ತಿರಲಿಲ್ಲ. ಅಲ್ಲಿ ನಾನು ಗಿಟಾರ್ ಇಟ್ಟುಕೊಂಡೆ. ಗೋಡೆಯ ಆಚೆಗೆ ಅಕ್ಕೋರ ಅಡುಗೆಮನೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಅವರು ಕನ್ನಡದವರೆಂದೂ ಗೊತ್ತಿರಲಿಲ್ಲ. ಬಂದ ಮೊದಲ ವಾರವೇ ಗೋಡೆಗೆ 'ಢಬ್' ಎಂದು ಒಂದು ಏಟು ಬಿತ್ತು. ಆಯಿತು, ಕೌನ್ಸಿಲ್‌ಗೆ ದೂರು ಹೋಯಿತು ಎಂದುಕೊಂಡು ಮೈಸೂರುಪಾಕಿನ ಡಬ್ಬಿ ಹಿಡಿದು ಹೆಂಡತಿ ರಶ್ಮಿಯ ಜೊತೆ ಪಕ್ಕದ ಮನೆಯ ಬೆಲ್ ಒತ್ತಿದೆ. "ಗಲಾಟೆ ಮಾಡ್ಬೇಡಿ ಅಂತ ಬಡ್ಕೊಂಡೆ, ಕೇಳಿದ್ರಾ?" ಎಂದು ರಶ್ಮಿ ನನ್ನ ಕಿವಿಯಲ್ಲಿ ಬೈಯುತ್ತಿರುವಾಗಲೇ ಬಾಗಿಲು ತೆರೆಯಿತು. ಕೈಮಗ್ಗದ ಸೀರೆಯ ಮೇಲೆ ಗಂಡಸರ ಕಾರ್ಡಿಗನ್ ತೊಟ್ಟ, ಹಣೆಯಲ್ಲಿ ವಿಭೂತಿ ಇಟ್ಟ, ಐದಡಿಗೂ ಕಡಿಮೆಯ ಹೆಂಗಸು.

"ಗಲಾಟಿ ಅಲ್ಲವಾ ಯವ್ವಾ, ಸೂರ ತಪ್ಪೈತಿ" ಎಂದರು. "ತಮ್ಮಾ, ನಿಂದು ಎರಡನೇ ತಂತಿ ಇಳದೈತಿ, ಏರಿಸ್ಕೊ. ಒಳಗ ಬರ್ರಿ."

ಅವರ ಹೆಸರು ಗಂಗವ್ವ. ಧಾರವಾಡದಲ್ಲಿ ಎರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ, ಮದುವೆಯಾಗಿ ಲಂಡನ್ನಿಗೆ ಬಂದು, ವಿಮಾನಗಳ ಊಟದ ತಟ್ಟೆಗಳನ್ನು ಜೋಡಿಸುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ನಿಂತು ಕೆಲಸ ಮಾಡಿದವರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮೈಮೇಲಿನ ಕಾರ್ಡಿಗನ್ ಗಂಡನದೇ. ಕಲಿಸಿದ್ದು ಎರಡೇ ವರ್ಷವಾದರೂ ಅಕ್ಕೋರು ಎಂಬ ಹೆಸರು ಅವರನ್ನು ಬಿಡಲಿಲ್ಲ. ಅವರ ಕಡೆ ಮೇಡಂಗಳನ್ನು ಹಾಗೆ ಕರೆಯುತ್ತಾರೆ. ಮೈಸೂರಿನವನಾದ ನಾನು ಸುಮ್ಮನೆ ಅಕ್ಕ ಎಂಬ ಗೌರವ ಅಂದುಕೊಂಡು ಕರೆದುಬಿಟ್ಟೆ. ಅಂದಿನಿಂದ ನಾನು ಅವರ ವಿದ್ಯಾರ್ಥಿಯಾದೆ. ಸಂಗೀತ ಎಲ್ಲಿ ಕಲಿತಿರಿ ಎಂದರೆ, "ಕಲಿಯೂದೇನ? ನಮ್ಮ ಓಣ್ಯಾಗ ಕೂಸು ಅತ್ತರೂ ಸೂರ ಹಿಡದು ಅಳತಿತ್ತು" ಎನ್ನುತ್ತಿದ್ದರು.

ನನಗೆ ಆಗ ಒಂದು ಹಟವಿತ್ತು. ನಮ್ಮ ಕಡೆಯ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಒಂದು ಸಲವಾದರೂ ವೇದಿಕೆ ಏರಿ ಗಿಟಾರ್ ನುಡಿಸಬೇಕು. ಅದಕ್ಕೆ ಮೊದಲು ಧ್ವನಿಮುದ್ರಣ ಕಳಿಸಬೇಕಿತ್ತು. ಎರಡು ವರ್ಷ ಕಳಿಸಿದೆ. ಎರಡು ವರ್ಷವೂ ಸಮಿತಿಯವರು, "ಹಿನ್ನೆಲೆಯಲ್ಲಿ ಏನೋ ಸದ್ದಿದೆ, ಲಯವೂ ನಿಲ್ಲುತ್ತಿಲ್ಲ, ಮುಂದಿನ ಸಲ ನೋಡೋಣ" ಎಂದು ನಯವಾಗಿ ತಳ್ಳಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಹೆಡ್‌ಫೋನ್ ಸರಿಯಿಲ್ಲ ಎಂದೆ. ಸ್ಟುಡಿಯೋದವರು ಇಟ್ಟುಕೊಳ್ಳುವಂಥ ಮಾನಿಟರ್ ಸ್ಪೀಕರ್ ಒಂದು ಜೊತೆ ತಂದರೆ ಎಲ್ಲವೂ ಸರಿಹೋಗುತ್ತದೆ ಎಂದು ರಶ್ಮಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿ, "ತಗೊಳ್ಳಿ. ಆದ್ರೆ ಈ ಸಲಾನೂ ವಾಪಸ್ ಬಂದ್ರೆ ಗಿಟಾರ್ ಚಾರಿಟಿ ಶಾಪ್‌ಗೆ" ಎಂದಳು. ಅವಳು ಹೇಳಿದ್ದನ್ನು ಮಾಡುವವಳು. ನನ್ನ ಕ್ರಿಕೆಟ್ ಬ್ಯಾಟು ಆಗಲೇ ಆ ದಾನದ ಅಂಗಡಿಗೆ ಹೋಗಿತ್ತು.

ಅಂಗಡಿಗೆ ನನ್ನೊಬ್ಬನನ್ನೇ ಕಳಿಸಿದರೆ ದೊಡ್ಡದನ್ನೇ ಹೊತ್ತು ತರುತ್ತೇನೆಂದು ರಶ್ಮಿ ಅಕ್ಕೋರನ್ನು ಕಾವಲಿಗೆ ಕಳಿಸಿದಳು. ಎಲಿಜಬೆತ್ ಲೈನ್ ರೈಲಿನಲ್ಲಿ ಕೂತಾಗ ಅಕ್ಕೋರು ಕೇಳಿದರು, "ಏನ್ ತರಾಕ ಹೊಂಟೀವಿ?"

"ಮಾನಿಟರ್, ಅಕ್ಕೋರೇ."

"ಯಾವ ಕ್ಲಾಸಿಗಿ?"

ನಾನು ನಕ್ಕೆ. ಅವರು ನಗಲಿಲ್ಲ. ಅವರ ಮಟ್ಟಿಗೆ ಮಾನಿಟರ್ ಎಂದರೆ ಮೇಷ್ಟ್ರು ಹೊರಗೆ ಹೋದಾಗ ಗದ್ದಲ ಮಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಮಗು. ಇದು ಬೇರೆ, ನುಡಿಸಿದ್ದನ್ನು ಚಂದ ಮಾಡದೆ ಇದ್ದದ್ದು ಇದ್ದ ಹಾಗೆ ಕೇಳಿಸುವ ಪೆಟ್ಟಿಗೆ ಎಂದು ವಿವರಿಸಿದೆ. "ಮತ್ತ ಬ್ಯಾರೆ ಏನಾತು? ಅದೂ ಹೆಸರ ಬರಿಯೂದ" ಎಂದರು. ಆಮೇಲೆ ತಾವು ನಾಲ್ಕನೇ ಇಯತ್ತೆಯಲ್ಲಿ ಮಾನಿಟರ್ ಆಗಿದ್ದ ಕತೆ ಹೇಳಿದರು. ಒಂದು ದಿನ ಇಡೀ ಕ್ಲಾಸು ನಕ್ಕಿತಂತೆ. ಇವರು ಎಲ್ಲರ ಹೆಸರನ್ನೂ ಬರೆದು, ಕೊನೆಗೆ ತಮ್ಮದನ್ನೂ ಬರೆದರಂತೆ. ಮಾಸ್ತರು ಬಂದು ನೋಡಿ, ಇಷ್ಟು ಜನರಿಗೆ ಹೊಡೆಯಲು ಬೇಸರವಾಗಿ, ಕೊನೆಯ ಹೆಸರಿನವಳನ್ನು ಮಾತ್ರ ಕರೆದರಂತೆ.

"ಯಾಕೆ ಬರೆದ್ರಿ ನಿಮ್ಮ ಹೆಸರನ್ನ?"

"ನಾನೂ ನಕ್ಕಿದ್ನಲ್ಲೋ!" ಎಂದು ಈಗಲೂ ಬೆರಳ ಗಂಟನ್ನು ಉಜ್ಜಿಕೊಂಡು ನಕ್ಕರು. ಎದುರು ಕೂತಿದ್ದವನು ಪೇಪರಿನ ಮೇಲಿನಿಂದ ಇಣುಕಿ ನೋಡಿದ.

ಅಂಗಡಿಯ ನಡುವಯಸ್ಸಿನ ಮಾರಾಟಗಾರ ಒಳ್ಳೆಯವನು. ಕೋಣೆ ಎಷ್ಟು ದೊಡ್ಡದು ಎಂದು ಮೊದಲು ಕೇಳಿದ. ನಾನು ಸ್ವಲ್ಪ ಹಿಗ್ಗಿಸಿ ಹೇಳಿದೆ. ಅಕ್ಕೋರು ತಕ್ಷಣ, "ನೋ ಡಿಯರ್, ಸ್ಮಾಲ್. ಲೈಕ್ ಟಾಯ್ಲೆಟ್" ಎಂದು ತಿದ್ದಿದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದನ್ನು ಅವನು ಇಂಗ್ಲಿಷಿನಲ್ಲಿ ಹೇಳಿದ. ಚಿಕ್ಕ ಕೋಣೆಗೆ ದೊಡ್ಡ ಸ್ಪೀಕರ್ ತಂದರೆ ಕೆಳಗಿನ ಸ್ವರಗಳೆಲ್ಲ ಮೂಲೆಯಲ್ಲಿ ಸೇರಿ ಗುಂಯ್‌ಗುಡುತ್ತವೆ, ಐದಿಂಚಿನದು ಸಾಕು. ಗೋಡೆಗೆ ಒತ್ತಿ ಇಡಬೇಡಿ. ಎರಡು ಸ್ಪೀಕರು ಮತ್ತು ನಿಮ್ಮ ತಲೆ ಸಮ ದೂರದಲ್ಲಿ ತ್ರಿಕೋನವಾಗಿರಲಿ. ಇದನ್ನು ನಾನು ಅಕ್ಕೋರಿಗೆ ಅನುವಾದಿಸಿದಾಗ, "ಮೂರು ಒಲಿಗುಂಡು ಸಮ ಇದ್ದರನ ಗಡಿಗಿ ಕೂಡತೈತಿ. ಇದನ್ನ ಹೇಳಾಕ ಇಷ್ಟ್ ದೊಡ್ಡ ಅಂಗಡಿ ಬೇಕಾತೇನ?" ಎಂದರು.

ಚೆನ್ನಾಗಿ ಪರಿಚಯವಿರುವ ಏನನ್ನಾದರೂ ಹಾಕಿ ಕೇಳಿ ಎಂದು ಅವನು ಹೇಳಿದ್ದರಿಂದ ಫೋನಿನಲ್ಲಿದ್ದ ನನ್ನದೇ ಧ್ವನಿಮುದ್ರಣ ಹಾಕಿದೆ. ಮೊದಲನೆಯದು ಎಂಟಿಂಚಿನ ಜೊತೆ. ಆಹಾ! ನಾನು ಯಾವುದೋ ದೊಡ್ಡ ಸಭಾಂಗಣದಲ್ಲಿ ನುಡಿಸುತ್ತಿರುವಂತೆ ಕೇಳಿಸಿತು. ನನ್ನ ಬಗ್ಗೆ ನನಗೇ ಗೌರವ ಬಂತು. "ಇದೇ ಇರಲಿ" ಎಂದೆ.

"ಇದು ನೀ ಅಲ್ಲ" ಎಂದರು ಅಕ್ಕೋರು. ಆಮೇಲೆ ಮಾರಾಟಗಾರನ ಕಡೆ ತಿರುಗಿ, "ದಿಸ್ ಒನ್ ಈಸ್ ಲೈಯಿಂಗ್, ಡಿಯರ್" ಎಂದರು. ಅವನು ಗಡ್ಡದೊಳಗೇ ನಕ್ಕು ಐದಿಂಚಿನ ಒಂದು ಸಾದಾ ಜೊತೆಗೆ ತಂತಿ ಸಿಕ್ಕಿಸಿದ. ಈಗ ಕೇಳಿಸಿದ್ದು ನಾನೇ. ತಂತಿಯ ಮೇಲೆ ಬೆರಳು ಜಾರುವ ಕಿರಕ್ಕು, ಅರ್ಧಕ್ಕೇ ಸತ್ತ ಸ್ವರಗಳು, ನಡುವೆ ನಾನು ಸೊರಕ್ಕೆಂದು ಮೂಗು ಎಳೆದದ್ದು. ನಾಚಿಕೆಯಿಂದ ನಿಲ್ಲಿಸಲು ಕೈ ಚಾಚಿದೆ. ಅಷ್ಟರಲ್ಲಿ ಗಿಟಾರಿನ ಹಿಂದೆ, ಬಹಳ ದೂರದಲ್ಲಿ, ಇನ್ನೊಂದು ಸದ್ದು: ತಪ್, ತಪ್, ತಪ್.

ಅಕ್ಕೋರು ಕುರ್ಚಿಯಿಂದ ಎದ್ದೇಬಿಟ್ಟರು. "ಅಯ್ಯ ನನ್ನ ಶಿವನ! ಅದು ನಂದು! ನನ್ನ ರೊಟ್ಟಿ ಅದು!"

ಸಮಿತಿಯವರು ಎರಡು ವರ್ಷ ಗೊಣಗಿದ್ದ ಹಿನ್ನೆಲೆಯ ಸದ್ದು ಅದೇ. ಮಂಗಳವಾರ, ಶುಕ್ರವಾರ ನಾನು ಆಫೀಸಿನಿಂದ ಬಂದು ಮೈಕ್ ಹಚ್ಚುವ ಹೊತ್ತಿಗೇ ಅವರು ಗೋಡೆಯಾಚೆ ರೊಟ್ಟಿ ಬಡಿಯುತ್ತಿದ್ದರು. ಮಾರಾಟಗಾರನಿಗೆ ಅಂಗೈ ತಟ್ಟಿ ತೋರಿಸಿ, "ಬ್ರೆಡ್! ಮೈ ಬ್ರೆಡ್!" ಎಂದರು. ಅವನು ತಲೆಬಾಗಿಸಿ ಅಭಿನಂದಿಸಿದ. ಇನ್ನು ಬೇರೆ ಜೊತೆಯನ್ನು ನೋಡುವ ಪ್ರಶ್ನೆಯೇ ಇರಲಿಲ್ಲ. ನಾನು ಎಂಟಿಂಚಿನದರ ಕಡೆ ಕೊನೆಯ ಸಲ ಆಸೆಯಿಂದ ನೋಡಿದ್ದನ್ನು ಕಂಡು, "ಚಾಡಿ ಹೇಳಾಂವನ್ನ ಮನಿಗಿ ಕರಕೊಂಡ್ ಬಾ. ಹೊಗಳಾಂವ ತಾನ ಬರ್ತಾನ" ಎಂದರು.

ಮನೆಯಲ್ಲಿ ಸ್ಪೀಕರುಗಳನ್ನು ಗೋಡೆಯಿಂದ ದೂರ ಇಡಲು ಹೋದೆ, ಆಗ ನಾನೇ ಕೋಣೆಯ ಹೊರಗೆ ಕೂರಬೇಕಾಯಿತು. ಕೊನೆಗೆ ಅಕ್ಕೋರ ಅಡುಗೆಮನೆಯ ಗೋಡೆಗೇ ಒತ್ತಿ ಇಟ್ಟೆ. ಅವರು ಗೇಣು ಹಾಕಿ ಒಲಿಗುಂಡಿನ ಲೆಕ್ಕ ಸರಿ ಮಾಡಿ, ನನ್ನ ಕುರ್ಚಿಯಲ್ಲಿ ಕೂತು ಹಳೆಯ ಧ್ವನಿಮುದ್ರಣವನ್ನು ಪೂರ್ತಿ ಕೇಳಿದರು. ಆಮೇಲೆ ಹೇಳಿದ ಮಾತು ನನ್ನ ಗಿಟಾರನ್ನು ಉಳಿಸಿತು.

"ತಮ್ಮಾ, ನನ್ನ ರೊಟ್ಟಿ ತನ್ನ ಪಾಡಿಗೆ ನಡಕೋತ ಹೊಂಟೈತಿ. ನಿನ್ನ ಗಿಟಾರ್ ಬಸ್ಸಿನ ಹಿಂದ ಓಡಾಕತ್ತೈತಿ."

ನಿಜವಾಗಿತ್ತು. ರೊಟ್ಟಿ ಒಂದೇ ನಡಿಗೆಯಲ್ಲಿತ್ತು. ನಾನು ಕಷ್ಟದ ಜಾಗ ಬಂದಾಗಲೆಲ್ಲ ಓಡುತ್ತಿದ್ದೆ. ಅಲ್ಲಿಂದ ನನಗೆ ರೊಟ್ಟಿಯೇ ತಾಳವಾಯಿತು. ಅವರು ಆಚೆ ಬಡಿಯುವುದು, ನಾನು ಈಚೆ ನುಡಿಸುವುದು, ನಾನು ಓಡಿದರೆ ಲಟ್ಟಣಿಗೆಯ ಒಂದು ಏಟು. ವಾರಕ್ಕೆ ಎರಡು ದಿನ ಇದ್ದದ್ದು ನಾಲ್ಕು ದಿನವಾಯಿತು. ಒಂಟಿ ಹೆಂಗಸು ಅಷ್ಟು ರೊಟ್ಟಿ ತಿನ್ನುವುದುಂಟೇ? ಎಲ್ಲ ನಮ್ಮ ಮನೆಗೆ ಬಂದವು. ರೊಟ್ಟಿ ಒಣಗಿಸಿ ಕಟಕ ರೊಟ್ಟಿಯೂ ಮಾಡಿ ಕೊಟ್ಟರು. ಅಕ್ಸ್‌ಬ್ರಿಡ್ಜ್‌ನ ನನ್ನ ಆಫೀಸಿನವರೆಲ್ಲ ಅದನ್ನು ಹಪ್ಪಳವೆಂದು ತಿಂದರು. "ಅನ್ನ ತಿಂದು ಎಷ್ಟು ದಿನ ಆಯ್ತು ಗೊತ್ತಾ?" ಎಂದು ರಶ್ಮಿ ಕಣ್ಣಲ್ಲಿ ನೀರು ತಂದುಕೊಂಡಳು. ಆದರೆ ನನ್ನ ಕೈಯ ಓಟ ನಿಧಾನವಾಗಿ ನಡಿಗೆಗೆ ಇಳಿಯಿತು. ಮೂರನೆಯ ಸಲ ಧ್ವನಿಮುದ್ರಣ ಕಳಿಸುವಾಗ ಹಿಂದಿನ ಸದ್ದನ್ನು ಅಳಿಸಲಿಲ್ಲ. ಅಳಿಸಿದರೆ ನಾನು ಬೀಳುತ್ತಿದ್ದೆ.

ಸಮಿತಿಯವರು ಫೋನ್ ಮಾಡಿದರು. "ಸಾರ್, ಈ ಸಲ ತುಂಬಾ ಚೆನ್ನಾಗಿದೆ. ಆ ಢೋಲಕ್ ಯಾರದ್ದು? ಅವರ ಹೆಸರೂ ಕೊಡಿ, ಕರಪತ್ರದಲ್ಲಿ ಹಾಕ್ಬೇಕು."

ರೊಟ್ಟಿ ಎಂದರೆ ಎಲ್ಲಿ ಮತ್ತೆ ತಳ್ಳಿಬಿಡುತ್ತಾರೋ ಎಂಬ ಭಯಕ್ಕೆ "ಗಂಗವ್ವ ಅಂತ" ಎಂದುಬಿಟ್ಟೆ. ಕರಪತ್ರದಲ್ಲಿ ಅಚ್ಚಾಗಿ ಬಂತು: ಢೋಲಕ್, ವಿದುಷಿ ಗಂಗವ್ವ. ಅಕ್ಕೋರಿಗೆ ತೋರಿಸಿದಾಗ ಗೋಡೆ ಹಿಡಿದುಕೊಂಡು ನಕ್ಕರು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡರು. ವೇದಿಕೆಗೆ ಬನ್ನಿ, ಮಣೆ ಹಿಟ್ಟು ನಾನು ಹೊರುತ್ತೇನೆ ಎಂದು ಎಷ್ಟು ಗೋಗರೆದರೂ ಒಪ್ಪಲಿಲ್ಲ. "ರೊಟ್ಟಿ ಬಡಿಯೂದು ತಿನ್ನಾಕ, ತೋರ್ಸಾಕ ಅಲ್ಲ" ಎಂದರು. ಕೊನೆಗೆ ರೊಟ್ಟಿಯ ಸದ್ದನ್ನಷ್ಟೇ ಬೇರೆಯಾಗಿ ಮುದ್ರಿಸಿಕೊಂಡು, ಅವೇ ಐದಿಂಚಿನ ಸ್ಪೀಕರುಗಳನ್ನು ಕಾರ್ಯಕ್ರಮ ನಡೆಯುವ ಶಾಲೆಯ ಸಭಾಂಗಣಕ್ಕೆ ಹೊತ್ತುಕೊಂಡು ಹೋದೆ.

ನಿರೂಪಕಿ ಉತ್ಸಾಹದಿಂದ, "ಢೋಲಕ್ ವಿದುಷಿ ಗಂಗವ್ವ ಅವರು ವೇದಿಕೆಗೆ ಬರಬೇಕು" ಎಂದು ಕರೆದಳು. ಮುಂದಿನ ಸಾಲಿನಲ್ಲಿ, ಸೀರೆ ಕಾರ್ಡಿಗನ್ನಿನಲ್ಲಿ, ಅಕ್ಕೋರು ಎದ್ದು ನಿಂತರು.

"ನಾ ಇಲ್ಲೇ ಕುಂತೀನವಾ" ಎಂದು ಸ್ಪೀಕರ್ ಕಡೆ ಬೆರಳು ತೋರಿಸಿದರು. "ನನ್ನ ಕೈ ಅಲ್ಲಿ ಐತಿ."

ಜನ ನಕ್ಕರು, ನಾನು ನುಡಿಸಿದೆ. ಕಷ್ಟದ ಜಾಗ ಬಂತು, ಅಭ್ಯಾಸಬಲದಿಂದ ಓಡಲು ಹೊರಟೆ. ಮುಂದಿನ ಸಾಲಿನಿಂದ ಅಕ್ಕೋರ ಕೊಡೆಯ ತುದಿ ನೆಲಕ್ಕೆ ಒಂದು ಸಲ ತಟ್ಟಿತು. ಮತ್ತೆ ರೊಟ್ಟಿಯ ಹೆಜ್ಜೆಗೆ ಬಂದೆ. ಅಂದಿನ ಚಪ್ಪಾಳೆ ನನ್ನ ಜೀವಮಾನಕ್ಕೆ ಸಾಕು. ರಶ್ಮಿ ಚಾರಿಟಿ ಶಾಪಿನ ಮಾತನ್ನು ಮತ್ತೆ ಎತ್ತಲಿಲ್ಲ.

ಹೋದ ಚಳಿಗಾಲದಲ್ಲಿ ಅಕ್ಕೋರಿಗೆ ಎದೆಯ ಸೋಂಕಾಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಇನ್ನೂ ಪುಟ್ಟದಾಗಿ ಕಾಣುತ್ತಿದ್ದರು. ಮೂಗಿಗೆ ಆಕ್ಸಿಜನ್ ಇದ್ದುದರಿಂದ ಮಾತು ಕಡಿಮೆ, ನಾನೇ ಏನೇನೋ ಹರಟಿದೆ. ಹೊರಡುವಾಗ, "ಯುಗಾದಿ ಹೊತ್ತಿಗೆ ಮನೆಗೆ ಬಂದಿರ್ತೀರಿ ಅಕ್ಕೋರೇ, ಬೇವು ಬೆಲ್ಲ ನಮ್ಮನೇಲೇ" ಎಂದೆ. ಅವರು ನನ್ನ ಮುಖವನ್ನೇ ನೋಡುತ್ತ, ಮಂಚದ ಕಬ್ಬಿಣದ ಕಂಬಿಗೆ ಉಂಗುರದ ಬೆರಳಿನಿಂದ ತಟ್ಟಿದರು. ಒಂದೇ ಸಲ. ಕಣ್ಣಿನಲ್ಲಿ ಅದೇ ತುಂಟ ನಗು ಇತ್ತು. ನಾನು ಬಸ್ ಸ್ಟಾಪಿನಲ್ಲಿ ನಿಂತು ಅತ್ತೆ.

ಅವರು ಹೋದ ಮೇಲೆ ಪಕ್ಕದ ಮನೆ ಖಾಲಿ ಬಿತ್ತು. ಎರಡು ತಿಂಗಳು ನಾನು ಗಿಟಾರ್ ಮುಟ್ಟಲಿಲ್ಲ. ತಪ್ಪು ನುಡಿಸಿದರೂ ಕೇಳುವವರಿಲ್ಲ ಎಂಬುದು ಇಷ್ಟು ಬೇಸರದ ಸ್ವಾತಂತ್ರ್ಯ ಎಂದು ತಿಳಿದಿರಲಿಲ್ಲ. ಒಂದು ಶುಕ್ರವಾರ ಸಂಜೆ, ಕಂಪ್ಯೂಟರಿನಲ್ಲಿ ಜಾಗ ಮಾಡೋಣವೆಂದು ಹಳೆಯ ಧ್ವನಿಮುದ್ರಣಗಳನ್ನು ಒಂದೊಂದಾಗಿ ತೆರೆದೆ. ಯಾವುದೋ ಅಭ್ಯಾಸದ ದಿನದ್ದು, ತುದಿ ಕತ್ತರಿಸದೆ ಬಿಟ್ಟದ್ದು, ಹಾಗೇ ಓಡುತ್ತಿತ್ತು. ನನ್ನ ನುಡಿಸಾಟ ಮುಗಿದರೂ ರೊಟ್ಟಿ ಇನ್ನೂ ನಡೆಯುತ್ತಿತ್ತು. ಆಮೇಲೆ ರೊಟ್ಟಿಯೂ ನಿಂತಿತು, ಮುದ್ರಣ ಮಾತ್ರ ಓಡುತ್ತಿತ್ತು. ನಾನು ಇಂಥ ಹೊತ್ತಿಗೆ ಎಂದಿನಂತೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದೆ.

ಢಬ್, ಢಬ್, ಢಬ್.

"ರೀ, ಅಕ್ಕೋರು ಕರೀತಾ ಇದ್ದಾರೆ, ಹೋಗ್ಬನ್ನಿ" ಎಂದು ಅಡುಗೆಮನೆಯಿಂದ ರಶ್ಮಿ ಕೂಗಿದಳು. ಅಷ್ಟರಲ್ಲಿ ನನ್ನ ಒಂದು ಕಾಲು ಚಪ್ಪಲಿಯೊಳಗಿತ್ತು.