ಎರಡನೆಯ ಗಿರಾಕಿ

ಬೆಳಿಗ್ಗೆ ಅಂಗಡಿಯವರು ಹಾಕುವ ಲೋಬಾನದ ಹೊಗೆ ಮೂಗಿಗೆ ಬಡಿದರೆ ನಿಮಗೆ ದೇವರು ನೆನಪಾಗಬಹುದು. ನನ್ನ ಕಾಲುಗಳು ಮಾತ್ರ ನಿಂತುಬಿಡುತ್ತವೆ. ಇವತ್ತೂ ಹಾಗೇ ಆಯಿತು. ಮಸ್ಕಿ ಬಜಾರಿನಲ್ಲಿ ಕಿರಾಣಿ ಅಂಗಡಿಯವನು ಆಗಷ್ಟೇ ಅರ್ಧ ಕದ ತೆಗೆದು ಲೋಬಾನ ಹಾಕುತ್ತಿದ್ದ. ಸಕ್ಕರೆ ತರಲು ಹೋದ ನಾನು ಎದುರಿನ ಬೇವಿನ ಮರದ ಕೆಳಗೆ ನಿಂತೆ. ಯಾಕೆಂದು ಹೇಳಿದರೆ ನಗುತ್ತೀರಿ. ನಗಿ, ಪರವಾಗಿಲ್ಲ.

ಲಿಂಗಸುಗೂರಿನಲ್ಲಿ ಮೂರನೇ ತರಗತಿಯಲ್ಲಿದ್ದಾಗ ಒಂದು ಮುಂಜಾನೆ ಓಣಿಯ ಅಂಗಡಿಯಿಂದ ಕರ್ಪೂರ ತಂದಿದ್ದೆ. ಆ ದಿನದ ಮೊದಲ ವ್ಯಾಪಾರ, ಅಂದರೆ ಬೋಣಿ, ನನ್ನದೇ. ಸಂಜೆ ಅಪ್ಪನ ಜೊತೆ ಮತ್ತೆ ಹೋದಾಗ ಅಂಗಡಿಯ ಶೆಟ್ಟರು, "ಈ ಹುಡುಗನ ಕೈ ಛಲೋ ಇಲ್ಲ ಬಿಡ್ರಿ. ಇವ ಬೋಣಿ ಮಾಡಿ ಹೋದ, ಒಂದು ನೊಣ ಸೈತ ಬಂದಿಲ್ಲ" ಎಂದರು. ಅಪ್ಪ ನಕ್ಕ. ಅವನು ನಗದೇ ಇದ್ದಿದ್ದರೆ ನಾನು ಮರೆಯುತ್ತಿದ್ದೆನೋ ಏನೋ.

ಅಂದಿನಿಂದ ನಾನು ಯಾವ ಅಂಗಡಿಗೂ ಮೊದಲ ಗಿರಾಕಿಯಾಗಲಿಲ್ಲ. ಮೊದಲು ಇನ್ನೊಬ್ಬರು ಕೊಳ್ಳಬೇಕು, ಆಮೇಲೆ ನಾನು. "ಅಂಗಡಿ ಎದುರಿಗೇ ಐತಿ, ಅರ್ಧ ತಾಸು ಏನ್ ಮಾಡಾಕತ್ತಿದ್ರಿ?" ಎಂದು ಹೆಂಡತಿ ರೇಗುತ್ತಿದ್ದಳು. ನಾನೋ ಹೈಸ್ಕೂಲಿನ ವಿಜ್ಞಾನ ಮಾಸ್ತರ. ಗ್ರಹಣದ ಹೊತ್ತಿನಲ್ಲಿ ಊಟ ಮಾಡಿದರೆ ಏನೂ ಆಗುವುದಿಲ್ಲ ಎಂದು ಮಕ್ಕಳಿಗೆ ಪಾಠ ಮಾಡುವವನು. ಅವಳಿಗೆ ಏನೆಂದು ಹೇಳಲಿ?

ನಮ್ಮ ಮನೆಗೆ ಖಾಜಾಬಿ ಎಂಬ ಬಳೆಗಾರ್ತಿ ಬರುತ್ತಿದ್ದಳು. ಇಪ್ಪತ್ತು ವರ್ಷ ಬುಟ್ಟಿ ಹೊತ್ತು ಊರೂರು ತಿರುಗಿ ಮೊಣಕಾಲು ಸೋತಿದ್ದವು. ಎಂಬತ್ತರ ದಶಕದ ಕೊನೆಯಲ್ಲಿ ಸಿಂಧನೂರಿನಲ್ಲಿ ಬಳೆಯದೊಂದು ತಗಡಿನ ಡಬ್ಬಿ ಅಂಗಡಿ ಹಾಕಿದಳು. ಜಾಗಕ್ಕೆ ಅರ್ಜಿ ಬರೆದುಕೊಟ್ಟವನು ನಾನು. ಅದೇ ತಪ್ಪಾಯಿತು.

"ಮೊದಲ ಬೋಣಿ ನಿಮ್ಮದ ಆಗ್ಬೇಕ್ರಿ ಮಾಸ್ತರ್ರ. ಶುಕ್ರವಾರ ಮುಂಜಾನಿ ಬರ್ರಿ" ಎಂದಳು.

ಒಂದು ದಿನದ ಬೋಣಿಯಲ್ಲ, ಒಂದು ಅಂಗಡಿಯ ಬೋಣಿ! ಆ ವಾರವೆಲ್ಲ ನಿದ್ದೆ ಹತ್ತಲಿಲ್ಲ. ಹೋದರೆ ಅವಳ ಅನ್ನಕ್ಕೆ ಕಲ್ಲು ಹಾಕಿದಂತೆ, ಹೋಗದಿದ್ದರೆ ಅವಮಾನ ಮಾಡಿದಂತೆ. ಆಗ ನನಗೆ ನಲವತ್ತಮೂರು. ಶೆಟ್ಟರ ಮಾತನ್ನು ನಾನು ನಂಬಿದ್ದೆನೋ, ನಂಬಿಲ್ಲವೆಂದು ಹೇಳುವ ಧೈರ್ಯವಷ್ಟೇ ಇರಲಿಲ್ಲವೋ, ಇವತ್ತಿಗೂ ತಿಳಿಯದು.

ಶುಕ್ರವಾರ ಸಿಂಧನೂರಿನಲ್ಲಿ ಇಳಿದೆ. ಅಂಗಡಿಯ ಲೋಬಾನದ ಹೊಗೆ ದೂರದಿಂದಲೇ ಕಂಡಿತು. ತಿರುಗಿ ಬಸ್‌ ಸ್ಟ್ಯಾಂಡಿಗೆ ಬಂದು ಮಸ್ಕಿ ಬಸ್ಸಿನಲ್ಲಿ ಕೂತೆ. ಬಸ್ಸು ಕೆಟ್ಟಿತ್ತಂತೆ, ಹೊತ್ತೇರಿದರೂ ಹೊರಡಲಿಲ್ಲ. ಕೂತಲ್ಲೇ ಉಪಾಯ ಹೊಳೆಯಿತು: ಹನ್ನೆರಡು ಹೊಡೆಯಿತು, ಇಷ್ಟೊತ್ತಿಗೆ ಯಾರಾದರೂ ಬೋಣಿ ಮಾಡಿಯೇ ಇರುತ್ತಾರೆ. ಎರಡನೆಯ ಗಿರಾಕಿಯಾಗಿ ಹೋದರಾಯಿತು! ನನ್ನ ಜಾಣತನಕ್ಕೆ ನಾನೇ ಹಿಗ್ಗಿ ಕೆಳಗಿಳಿದೆ.

ಖಾಜಾಬಿ ಸಾಲು ಬಳೆಗಳ ನಡುವೆ ಸುಮ್ಮನೆ ಕೂತಿದ್ದಳು.

"ಎಲ್ಲಿ ಹೋಗಿದ್ರಿ? ನಾಕು ಗಿರಾಕಿ ಬಂದಿದ್ರು. ಮಾಸ್ತರ ಬೋಣಿ ಆಗಲಿ, ಆಮ್ಯಾಲ ಬರ್ರಿ ಅಂತ ಕಳಿಸೀನಿ."

ಮೂವತ್ತೈದು ವರ್ಷ ಯಾರಿಗೂ ಹೇಳದ್ದನ್ನು ಹೇಳಿಬಿಟ್ಟೆ. "ಅಕ್ಕಾ, ನನ್ನ ಕೈ ಛಲೋ ಇಲ್ಲ. ನಾ ಬೋಣಿ ಮಾಡಿದ್ರ ವ್ಯಾಪಾರ ಆಗಂಗಿಲ್ಲ."

ಅವಳು ನಗಲಿಲ್ಲ. ಅದೊಂದಕ್ಕೆ ನಾನು ಅವಳಿಗೆ ಇಂದಿಗೂ ಋಣಿ.

"ನೀವು ಬರಲಾರದ್ದಕ್ಕ ಮುಂಜಾನಿಂದ ಲುಕ್ಸಾನು ಆಗೇತ್ರಿ. ಬಂದ್ರ ಇದಕ್ಕಿಂತ ಹೆಚ್ಚಿಗಿ ಏನ್ ಆಗ್ತೈತಿ?"

ಒಂದು ಡಜನ್ ಹಸಿರು ಗಾಜಿನ ಬಳೆ ಕೇಳಿದೆ. ಹೆಂಡತಿಯ ಅಳತೆ ನನಗೆ ಗೊತ್ತಿರಲಿಲ್ಲ, ಖಾಜಾಬಿಗೆ ಗೊತ್ತಿತ್ತು. ನೋಟು ಕೊಟ್ಟೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು.

ನಾನು ಎದುರಿನ ಹೋಟೆಲಿನಲ್ಲಿ ಕೂತು ಕಾವಲು ಕಾದೆ. ಒಂದು ತಾಸು ಯಾರೂ ಬರಲಿಲ್ಲ. ಚಹಾದ ಮೇಲೆ ಚಹಾ ಕುಡಿದು ಬೆವೆತೆ. ಆಮೇಲೆ ನಿರಾಶ್ರಿತರ ಕ್ಯಾಂಪಿನ ಇಬ್ಬರು ಬಂಗಾಲಿ ಹೆಂಗಸರು ಬಂದರು, ಕೆಂಪು ಬಳೆ ತಿರುಗಿಸಿ ತಿರುಗಿಸಿ ನೋಡಿದರು. ಕೊಂಡರೋ ಇಲ್ಲವೋ ನೋಡುವಷ್ಟರಲ್ಲಿ ಲಾರಿಯೊಂದು ಅಡ್ಡ ನಿಂತಿತು. ಅದು ಸರಿದಾಗ ಅವರಿರಲಿಲ್ಲ. ಖಾಜಾಬಿಯನ್ನು ಕೇಳುವ ಧೈರ್ಯವೂ ನನಗಿರಲಿಲ್ಲ.

ಆ ಅಂಗಡಿ ಈಗಲೂ ಇದೆ. ಅಂದರೆ ನನ್ನ ಕೈ ಒಳ್ಳೆಯದೆಂದೇ? ಹಾಗೆಂದುಕೊಂಡರೆ ಮತ್ತೆ ಶೆಟ್ಟರ ಮಾತಿಗೇ ಸಹಿ ಹಾಕಿದಂತೆ. ಕೈಗೂ ವ್ಯಾಪಾರಕ್ಕೂ ಸಂಬಂಧವಿಲ್ಲವೆಂದರೆ, ನೋಟನ್ನು ಕಣ್ಣಿಗೊತ್ತಿಕೊಂಡ ಆ ಹೆಂಗಸಿನ ಮುಖ ನೆನೆದು ನನಗ್ಯಾಕೆ ಸಂತೋಷವಾಗಬೇಕು? ನಿಮಗೆ ತಿಳಿದರೆ ನನಗೂ ಹೇಳಿ.

ಅಷ್ಟರಲ್ಲಿ ಕಿರಾಣಿ ಅಂಗಡಿಯವನು ಕರೆದ. "ಯಾಕ ಸರ್, ಅಲ್ಲೇ ನಿಂತ್ರಿ? ಯಾರರ ಬರೋರು ಅದಾರೇನು?"

"ಇಲ್ಲೋ. ನೀ ಪೂರಾ ಕದ ತೆಗಿ, ಬರ್ತೀನಿ" ಎಂದೆ.

ಅವನು ತೆಗೆದ. ನಾನು ಹೋಗಿ ಸಕ್ಕರೆ ಕೇಳಿದೆ.