ಹೆಬ್ಬೆರಳು ಹೇಳಿದ ಬೆಲೆ

ಬೀದಿಗೆಲ್ಲ ಅವನು ಭೂತಗನ್ನಡಿ ಮಾವ. ನನ್ನನ್ನೂ ಆ ಗಾಜಲ್ಲೇ ನೋಡಿ ಒಪ್ಪಿದ್ದು ಅಂತ ಹೆಂಡತಿ ಗೊಣಗುವುದುಂಟು. ಹಳೇ ನಾಣ್ಯ ಯಾವ ಕಾಲದ್ದು, ಎಷ್ಟು ಬೆಲೆಯದ್ದು ಎಂದು ಹೇಳುವುದು ಅವನ ಮೂವತ್ತು ವರ್ಷದ ಕಸುಬು. ಬಂದ ನಾಣ್ಯದ ಮೇಲೆ ತೆಳು ಕಾಗದ ಇಟ್ಟು, ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವನು. ಸವೆದದ್ದು ಕಣ್ಣಿಗೆ ಕಾಣದಿದ್ದರೂ ಕಾಗದದ ಮೇಲೆ ಮೂಡುತ್ತದೆ. ಅದನ್ನು ನೋಡಿಯೇ ಬಾಯಿ ಬಿಡುವುದು.

ಅವತ್ತು ಮಾತ್ರ ಭಾವಮೈದ ಬಂದು ಕೂತು, ಒಂದು ಬಿಲ್ಲೆ ನೋಡೋಕೆ ಅರ್ಧ ದಿನವಾ ಎಂದು ಕಾಲೆಳೆಯುತ್ತಿದ್ದ. ಅಷ್ಟರಲ್ಲಿ ಹಿಂದಿನ ಗಲ್ಲಿಯ ಹೊಲಿಗೆಯಾಕೆ ತನ್ನ ಅಜ್ಜಿಯ ಬೆಳ್ಳಿ ನಾಣ್ಯ ತಂದಳು. ಕರಗಿಸಿ ಮೊಮ್ಮಗಳಿಗೆ ಬಳೆ ಮಾಡಿಸಲೇ, ಇಲ್ಲಾ ಇದಕ್ಕೇ ಏನಾದರೂ ಬೆಲೆಯಿದೆಯೇ ಎಂದು ಕೇಳಿದಳು. ಭಾವಮೈದನ ಮುಂದೆ ಮಾವನಿಗೆ ಹುಕಿ ಬಂತು. ಕೈ ತನ್ನ ಪಾಡಿಗೆ ತಾನು ಅಚ್ಚು ತೆಗೆಯಿತು. ಕಾಗದವನ್ನು ನೋಡದೆಯೇ ಡ್ರಾಯರಿಗೆ ಹಾಕಿ, ನಾಣ್ಯವನ್ನು ಹೆಬ್ಬೆರಳಿಂದ ಒಮ್ಮೆ ಸವರಿ, ಪೂರ್ತಿ ಸವೆದಿದೆ, ಬರೀ ಬೆಳ್ಳಿ ತೂಕ, ಕರಗಿಸಮ್ಮ ಎಂದುಬಿಟ್ಟ. ಭಾವಮೈದ ತಲೆದೂಗಿದ.

ಇಬ್ಬರೂ ಎದ್ದು ಹೋದ ಮೇಲೆ ಶುರುವಾಯಿತು ನೋಡಿ, ಕಸಿವಿಸಿ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಊಟಕ್ಕೆ ಕೂತಾಗಲೂ ಹೆಬ್ಬೆರಳು ಏನನ್ನೋ ತಡಕಾಡುತ್ತಿತ್ತು. ಇಸವಿಯ ಕೆಳಗೆ ಏನೋ ತಾಗಿತ್ತಲ್ಲ? ತುತ್ತು ಬಿಟ್ಟು ಎದ್ದು ಡ್ರಾಯರ್ ಎಳೆದ. ಕಾಗದದಲ್ಲಿ, ಇಸವಿಯ ಕೆಳಗೆ, ಸಾಸಿವೆಯಷ್ಟು ಚುಕ್ಕೆ. ಆ ಚುಕ್ಕೆಯ ನಾಣ್ಯ ಟಂಕಿಸಿದ್ದೇ ಕೆಲವು ತಿಂಗಳು. ಅವನು ಪುಸ್ತಕದ ಚಿತ್ರದಲ್ಲಿ ಬಿಟ್ಟರೆ ಕಂಡವನೇ ಅಲ್ಲ.

ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಚಪ್ಪಲಿ ಮೆಟ್ಟಿ, ಕಾಗದ ಹಿಡಿದು ಓಡಿದ. ಅಕ್ಕಸಾಲಿಯ ಅಂಗಡಿಯಲ್ಲಿ ಹೊಲಿಗೆಯಾಕೆ ಸ್ಟೂಲಿನ ಮೇಲೆ ಕೂತಿದ್ದಳು. ಅಕ್ಕಸಾಲಿ ಬೆಳ್ಳಿಯ ಕಂಬಿಯೊಂದನ್ನು ತಟ್ಟುತ್ತಿದ್ದ. ನೀವು ಹೇಳಿದ್ದಕ್ಕೆ ಕರಗಿಸೋ ಧೈರ್ಯ ಬಂತು ಮಾವ ಎಂದು ಅವಳು ನಕ್ಕಳು.

ಬಾಯಿ ಮುಚ್ಚಿಕೊಂಡು ವಾಪಸ್ ಬಂದಿದ್ದರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಅವನಿಗೆ ಕಾಲು ಬರಲಿಲ್ಲ.

"ತಪ್ಪಾಯ್ತಮ್ಮ. ನಾನು ನೋಡದೆ ಹೇಳಿದೆ. ಅದನ್ನ ಮಾರಿದ್ದರೆ ನೀನು ಸ್ವಂತಕ್ಕೊಂದು ಅಂಗಡಿ ಹಾಕಬಹುದಿತ್ತು."

ಸುತ್ತಿಗೆ ನಿಂತಿತು. ಅವಳು ಕಂಬಿಯನ್ನು ನೋಡಿದಳು, ಅವನನ್ನು ನೋಡಿದಳು. ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು ಅವನಿಗೆ. ಅವನ ಕೈಯಿಂದ ಕಾಗದ ತೆಗೆದುಕೊಂಡು, ಅಜ್ಜಿಯ ನಾಣ್ಯದ ಅಚ್ಚನ್ನು ಬೆಳಕಿಗೆ ಹಿಡಿದಳು.

"ಇದಕ್ಕೆಷ್ಟು ಬೆಲೆ, ಮಾವ?"

ಬೆಲೆ ಹೇಳಿಯೇ ಅನ್ನ ಕಂಡಿದ್ದ ಮಾವ ತನ್ನ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ.